ಹೊಗೆಯನ್ನು ತೂಗಿದ ರಮಕ್ಕ

ರೈಲು ಎಂಜಿನ್ನುಗಳ ವಿನ್ಯಾಸದಲ್ಲಿ ಹೆಸರು ಮಾಡಿದವರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ವೇಗ ಹೆಚ್ಚಿಸಿದವರನ್ನು, ಎಳೆಯುವ ಬಲ ಹೆಚ್ಚಿಸಿದವರನ್ನು ನೆನೆಯುತ್ತೇವೆ. ಅವರ ಕೆಲಸ ಹಳಿಯ ಪಕ್ಕ ನಿಂತ ಯಾರ ಕಣ್ಣಿಗಾದರೂ ಕಾಣುತ್ತದೆ. ಎಂಜಿನ್ನು ಉಗುಳುವ ಹೊಗೆಯನ್ನು ತಗ್ಗಿಸುವುದಕ್ಕಾಗಿ ಆಯುಷ್ಯ ಸವೆಸಿದವರ ಮಾತು ಬೇರೆ. ಅವರ ಕೆಲಸ ಚೆನ್ನಾಗಿ ನಡೆದಷ್ಟೂ ಕಣ್ಣಿಗೆ ಕಾಣುವುದು ಕಡಿಮೆಯಾಗುತ್ತ ಹೋಗುತ್ತದೆ. ಈ ಕಾಣದ ಕೆಲಸದಲ್ಲಿ ಮೂವತ್ತಾರು ವರ್ಷ ತೊಡಗಿಸಿಕೊಂಡು, ಬಿಗಿಯಾಗುತ್ತ ಬಂದ ಮಾಲಿನ್ಯ ನಿಯಮಗಳಿಗೆ ನಮ್ಮ ಹಳೆಯ ಡೀಸೆಲ್ ಎಂಜಿನ್ನುಗಳನ್ನು ಹೊಂದಿಸಿದ ಕೆಲವೇ ಕೆಲವರಲ್ಲಿ ಕೊಟ್ಟೂರಿನ ಶ್ರೀಮತಿ ಜಿ. ರಮಾ ಅವರು ಮೊದಲ ಸಾಲಿನಲ್ಲಿ ನಿಲ್ಲುವವರು. ಕಳೆದ ಏಪ್ರಿಲ್ ಮೂವತ್ತರಂದು ಅವರು ನಿವೃತ್ತರಾದರು. ಅವರ ಅಭಿಮಾನಿಗಳು ಹೊರತರುತ್ತಿರುವ ಈ ಗ್ರಂಥಕ್ಕೆ ಬರೆಯಬೇಕೆಂದು ಸಂಪಾದಕರು ನನ್ನನ್ನು ಕೇಳಿದ್ದು, ಅವರ ಕೈಕೆಳಗೆ ಅತಿ ಹೆಚ್ಚು ಕಾಲ ದುಡಿದವನು ನಾನೆಂಬ ಕಾರಣಕ್ಕೆ. ಬಹುಶಃ ಅವರಿಂದ ಅತಿ ಹೆಚ್ಚು ಉಪಕಾರ ಪಡೆದವನೂ ನಾನೇ ಎಂಬುದು ಸಂಪಾದಕರಿಗೆ ತಿಳಿದಿರಲಾರದು.

ರಮಾ ಅವರ ತಂದೆ ಗಂಗಪ್ಪನವರು ಕೊಟ್ಟೂರು ನಿಲ್ದಾಣದ ಸಮೀಪದ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದರು. ತಾಯಿ ಕನಕಮ್ಮನವರು ಕೂಡ್ಲಿಗಿಯವರು. ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ಈಗ ವಿಶ್ರಾಂತಿಯಲ್ಲಿದ್ದಾರೆ. ಒಂದೇ ಕೋಣೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮಗಳು ಸರ್ಕಾರಿ ಶಾಲೆಯಲ್ಲಿ ಓದಿ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ೧೯೮೯ರಲ್ಲಿ ಪರೀಕ್ಷೆ ಬರೆದು ರೈಲ್ವೆ ಸೇರಿದರು. ತಂದೆಯ ಕೆಮ್ಮನ್ನು ಕೇಳುತ್ತ ಬೆಳೆದುದರಿಂದಲೇ ಅವರು ಹೊಗೆಯ ವಿರುದ್ಧ ಹೋರಾಡಲು ಹೊರಟರೆಂದು ಒಮ್ಮೆ ಪತ್ರಿಕೆಯೊಂದು ಬರೆದಿತ್ತು. ಅದನ್ನು ಓದಿದ ರಮಾ ಅವರು ವರದಿಗಾರರಿಗೆ ತಾವಾಗಿಯೇ ಫೋನು ಮಾಡಿ, "ನಮ್ಮಪ್ಪನ ಕೆಮ್ಮು ಬೀಡಿದ್ದುರಿ, ಎಂಜಿನ್ ಮ್ಯಾಲ ಹಾಕಬ್ಯಾಡ್ರಿ" ಎಂದರು. ತಮ್ಮ ಬಗ್ಗೆ ಒಳ್ಳೆಯ ಮಾತೇ ಆಗಿದ್ದರೂ ಅದಕ್ಕೆ ಆಧಾರವಿಲ್ಲದಿದ್ದರೆ ಅವರು ಒಪ್ಪಿದವರಲ್ಲ.

ಸೇವೆಯ ಮೊದಲ ಐದು ವರ್ಷ ಅವರು ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ ದುರಸ್ತಿ ಮಾಡುವ ಶೆಡ್ಡೊಂದರಲ್ಲಿದ್ದರು. ಆ ಕಾಲಕ್ಕೆ ಶೆಡ್ಡಿನಲ್ಲಿ ಹೆಣ್ಣುಮಗಳೊಬ್ಬಳು ಎಂಜಿನ್ನಿನ ಮೇಲೆ ಹತ್ತಿ ನಿಲ್ಲುವುದು ಹೊಸದು. ಕೆಲವರು ನಕ್ಕರು, ಕೆಲವರು ಕಾಗದದ ಕೆಲಸ ಕೊಟ್ಟು ಕೂರಿಸಲು ನೋಡಿದರು. ದುರುಗಪ್ಪನವರೆಂಬ ಹಿರಿಯ ಫಿಟ್ಟರ್ ಮಾತ್ರ ತಮ್ಮ ಸ್ಪ್ಯಾನರು ಅವರ ಕೈಗಿತ್ತರಂತೆ. ಸಿಲಿಂಡರಿನ ಒಳಗೋಡೆಯನ್ನು ಬೆರಳಿನಿಂದ ಸವರಿ ಸವೆತ ತಿಳಿಯುವುದನ್ನು, ಹೊಗೆಯ ಬಣ್ಣದಿಂದ ಎಂಜಿನ್ನಿನ ಒಳಗಿನ ಕಾಯಿಲೆ ಗುರುತಿಸುವುದನ್ನು ಕಲಿಸಿದವರು ಅವರೇ. ಮುಂದೆ ರಮಾ ಅವರು ಉತ್ತರ ಭಾರತದಲ್ಲಿರುವ ಎಂಜಿನ್ ವಿನ್ಯಾಸ ಮತ್ತು ಪರೀಕ್ಷಾ ಕಛೇರಿಗೆ ವರ್ಗವಾಗಿ ಹೋದರು. ಪತಿ ಸಂಜೀವ ಅವರು ಬ್ಯಾಂಕಿನ ಕೆಲಸದಲ್ಲಿದ್ದವರು. ಹೆಂಡತಿಯ ಕೆಲಸಕ್ಕೆ ಹೊಂದುವಂತೆ ಮೂರು ಸಲ ವರ್ಗ ಕೇಳಿಕೊಂಡ ಗಂಡಸು. ಈ ಗ್ರಂಥದಲ್ಲಿ ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.

ನಾನು ಆ ಕಛೇರಿಗೆ ಹೋಗಿ ಸೇರಿದ್ದು ೨೦೧೩ರಲ್ಲಿ. ಹರಪನಹಳ್ಳಿಯಲ್ಲಿ ನಮ್ಮ ಮನೆತನದ್ದು ಪಂಪ್‌ಸೆಟ್ ಅಂಗಡಿ. ಊರು ಬಿಟ್ಟು ಹೊರಗೆ ಇದ್ದವನಲ್ಲ, ಹಿಂದಿ ಬಾರದು, ಚಪಾತಿ ತಿಂದು ಬೇಸರವಾಗಿತ್ತು. ಮೊದಲ ವಾರ ಕಾರಿಡಾರಿನಲ್ಲಿ ನಿಂತು ಮನೆಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಬಿಳಿ ಕೋಟಿನ ಅಧಿಕಾರಿಯೊಬ್ಬರು ನಡಿಗೆ ನಿಲ್ಲಿಸಿ, ನನ್ನ ಮಾತು ಮುಗಿಯುವವರೆಗೂ ಕಾದು, "ಹರಪನಹಳ್ಳಿ ಕಡೇರೇನು ನೀವು?" ಎಂದು ಕೇಳಿದರು. ಹೌದೆಂದೆ. ತಮ್ಮದು ಕೊಟ್ಟೂರು ಎಂದರು. ಅಂದು ಮಧ್ಯಾಹ್ನ ಅವರ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ನನ್ನ ಪಾಲಿಗೆ ಬಂತು. ಕನಕಮ್ಮನವರು ಊರಿನಿಂದ ಹಿಟ್ಟು ಕಳಿಸುತ್ತಿದ್ದರು; ಮುಂದಿನ ಸಲದಿಂದ ಒಂದರ ಬದಲು ಎರಡು ಚೀಲ ಬರತೊಡಗಿದವು. ಕಛೇರಿಯಲ್ಲಿ ಅವರು ನನಗೆ ಮೇಡಂ, ಹೊರಗೆ ರಮಕ್ಕ; ಗುರುಬಸವರಾಜನಾದ ನಾನು ಅವರಿಗೆ ಗುರು.

ಅವರ ಕೆಲಸವನ್ನು ಅರಿಯದ ಓದುಗರಿಗಾಗಿ ಒಂದೆರಡು ಮಾತು. ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಕೆಡುಕಿನವು ಮುಖ್ಯವಾಗಿ ಎರಡು. ಒಂದು, ಅತಿಯಾದ ಶಾಖದಲ್ಲಿ ಗಾಳಿಯೇ ಸುಟ್ಟು ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು. ಕಣ್ಣಿಗೆ ಕಾಣದಿದ್ದರೂ ಎದೆಗೆ ಕೆಟ್ಟವು. ಇನ್ನೊಂದು, ಅರೆಬೆಂದ ಡೀಸೆಲ್ಲಿನ ಮಸಿ. ಉರಿಯನ್ನು ತಣ್ಣಗೆ ಮಾಡಿದರೆ ಮೊದಲನೆಯದು ಇಳಿದು ಮಸಿ ಏರುತ್ತದೆ. ಮಸಿಯನ್ನು ಚೆನ್ನಾಗಿ ಸುಡಲು ಹೋದರೆ ಮೊದಲನೆಯದು ಏರುತ್ತದೆ. ಹೊಸ ನಿಯಮಗಳು ಎರಡೂ ಒಟ್ಟಿಗೆ ಇಳಿಯಬೇಕೆಂದು ಕೇಳುತ್ತಿದ್ದವು. ಹೊಸ ಎಂಜಿನ್ನು ಕೊಳ್ಳುವುದು ಸುಲಭದ ದಾರಿ. ಆದರೆ ಇನ್ನೂ ಇಪ್ಪತ್ತು ವರ್ಷ ಓಡಬಲ್ಲ ನೂರಾರು ಹಳೆಯ ಎಂಜಿನ್ನುಗಳು ಬಿಡುವ ಹೊಗೆಯ ಗತಿ ಏನು ಎಂಬುದು ರಮಾ ಅವರ ಪ್ರಶ್ನೆ. ದೊಡ್ಡ ದುರಸ್ತಿಗೆಂದು ಎಂಜಿನ್ನು ಶೆಡ್ಡಿಗೆ ಬಂದಾಗಲೇ ಕೆಲವು ಭಾಗ ಬದಲಿಸಿ, ಒಳಗೆ ಹೋಗುವ ಗಾಳಿಯನ್ನು ತಂಪಾಗಿಸಿ, ಡೀಸೆಲ್ ಸಿಂಪಡಿಸುವ ಕ್ಷಣವನ್ನು ವಿದ್ಯುನ್ಮಾನದಿಂದ ಹಿಡಿತಕ್ಕೆ ತಂದು, ಅದೇ ಹಳೆಯ ಎಂಜಿನ್ನನ್ನು ಹೊಸ ನಿಯಮಕ್ಕೆ ಒಗ್ಗಿಸುವುದು ಅವರ ಯೋಜನೆಯಾಗಿತ್ತು.

ಈ ಯೋಜನೆಯ ಒಂದು ಮುಖ್ಯ ಅಂಗ ಹುಟ್ಟಿದ್ದು ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ. ೨೦೧೪ರ ಬೇಸಿಗೆಯಲ್ಲಿ ರಜೆಗೆ ಬಂದ ರಮಾ ಅವರು ಅಲ್ಲಿನ ನಿಲ್ದಾಣದ ಹೊರಗೆ ಅಂಜಿನಕ್ಕ ಎಂಬವರ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಕುಳಿತಿದ್ದರು. ಗೂಡ್ಸ್ ಗಾಡಿಯೊಂದು ಎರಡು ಗಂಟೆಯಿಂದ ನಿಂತಲ್ಲೇ ನಿಂತು ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ಅಂಜಿನಕ್ಕ ಮಂಡಕ್ಕಿ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಕೂತ ಕರಿಯನ್ನು ತೋರಿಸಿದರು. ಈ ಅಮ್ಮನವರು ರೈಲ್ವೆಯವರೆಂದು ತಿಳಿದ ಮೇಲೆ ಅವರು ಕೇಳಿದ ಮಾತನ್ನು ರಮಾ ಅವರು ಮುಂದೆ ಎಷ್ಟೋ ಸಭೆಗಳಲ್ಲಿ ಇದ್ದಂತೆಯೇ ಹೇಳಿದ್ದುಂಟು: "ಓಡೋದಾದ್ರ ಹೊಗಿ ಬಿಡ್ಲಿ, ಒಪ್ಪೀನಿ. ನಿಂತಿದ್ದು ಯಾಕ್ರಿ ಹೊಗಿ ಬಿಡಬೇಕು?"

ನಿಂತ ಎಂಜಿನ್ನನ್ನು ಆರಿಸಿದರೆ ಬ್ರೇಕಿನ ಗಾಳಿ ಇಳಿಯುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ ಎಂದು ಅದನ್ನು ಆರಿಸುವುದಿಲ್ಲ. ಇದು ರಮಾ ಅವರಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟು ಹೊತ್ತು ಹಾಗೆ ಉರಿಯುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ರಜೆಯ ಉಳಿದ ಒಂಬತ್ತು ದಿನ ಅವರು ಅಂಜಿನಕ್ಕನ ಅಂಗಡಿಯ ಬೆಂಚಿನ ಮೇಲೆ ನೋಟುಪುಸ್ತಕ ಹಿಡಿದು ಕುಳಿತು, ಬಂದ ಒಂದೊಂದು ಎಂಜಿನ್ನು ನಿಂತ ಹೊತ್ತನ್ನು ಬರೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಹೊತ್ತು ಅವು ನಿಂತೇ ಉರಿಯುತ್ತಿದ್ದವು. ನಮ್ಮ ಲೆಕ್ಕಾಚಾರವೆಲ್ಲ ಎಳೆಯುವ ಹೊತ್ತಿನದಾಗಿತ್ತು. ಎಂಜಿನ್ನಿನ ಪಕ್ಕದಲ್ಲೊಂದು ಪುಟ್ಟ ಎಂಜಿನ್ನು ಕೂರಿಸಿ, ನಿಂತಾಗ ದೊಡ್ಡದನ್ನು ಆರಿಸಿ ಗಾಳಿ, ಬ್ಯಾಟರಿಗಳ ಕೆಲಸವನ್ನು ಪುಟ್ಟದಕ್ಕೆ ವಹಿಸುವ ಏರ್ಪಾಡನ್ನು ಅವರು ತಮ್ಮ ವಿನ್ಯಾಸಕ್ಕೆ ಸೇರಿಸಿದ್ದು ಆಮೇಲೆ. ಇಂಥ ಏರ್ಪಾಡು ಬೇರೆಡೆ ಇಲ್ಲದ್ದೇನಲ್ಲ. ನಮ್ಮ ಹಳಿಗಳಿಗೆ ಅದು ಎಷ್ಟು ಬೇಕೆಂದು ತೋರಿಸಿದ್ದು ಆ ನೋಟುಪುಸ್ತಕ.

ಇನ್ನು ನಾನು ಬರೆಯಬೇಕಾದ ಸಂಗತಿ ೨೦೧೬ನೆಯ ಇಸವಿಯದು.

ಮಸಿಯನ್ನು ಅಳೆಯುವ ಬಗೆ ಹೀಗೆ. ಅಂಗೈಯಗಲದ ಬಿಳಿಯ ಸೋಸುಕಾಗದವನ್ನು ಮೊದಲು ತೂಗಬೇಕು. ಹೊಗೆಯ ಒಂದು ಪಾಲನ್ನು ಅದರ ಮೂಲಕ ಹಾಯಿಸಬೇಕು. ಮಸಿ ಹಿಡಿದ ಕಾಗದವನ್ನು ಮತ್ತೆ ತೂಗಬೇಕು. ಎರಡು ತೂಕಗಳ ಅಂತರವೇ ಮಸಿ. ಅದು ಎಷ್ಟು ಸಣ್ಣ ತೂಕವೆಂದರೆ ಕಾಗದ ಗಾಳಿಯಿಂದ ಹೀರಿದ ತೇವವೂ ಲೆಕ್ಕ ಕೆಡಿಸುತ್ತದೆ. ಆದ್ದರಿಂದ ತೂಕದ ಕೋಣೆಯ ತೇವಾಂಶವನ್ನು ಸದಾ ಶೇಕಡಾ ನಲವತ್ತೈದರಲ್ಲಿ ಹಿಡಿದಿಡುವ ಯಂತ್ರವಿತ್ತು. ಆ ಕೋಣೆ ನನ್ನ ವಶದಲ್ಲಿತ್ತು. ಪ್ರತಿಸಲ ತೂಗುವಾಗ ಗೋಡೆಯ ಮಾಪಕ ನೋಡಿ ತೇವಾಂಶ ಬರೆಯಬೇಕು. ಎರಡು ವರ್ಷ ಅದು ನಲವತ್ತೈದೇ ಇತ್ತು. ಮೂರನೆಯ ವರ್ಷದ ಹೊತ್ತಿಗೆ ನಾನು ಮಾಪಕ ನೋಡುವುದನ್ನು ಬಿಟ್ಟು ನಲವತ್ತೈದೆಂದು ಬರೆಯುವುದನ್ನು ಮಾತ್ರ ಉಳಿಸಿಕೊಂಡಿದ್ದೆ.

ಆಗಸ್ಟಿನಲ್ಲಿ ರಮಾ ಅವರ ವಿನ್ಯಾಸದ ಅಂತಿಮ ಪರೀಕ್ಷೆ ನಡೆಯಿತು. ಎರಡೂ ಅಂಕಿಗಳು ಮಿತಿಯ ಒಳಗೆ ಬಂದವು. ಕಛೇರಿಯಲ್ಲಿ ಸಿಹಿ ಹಂಚಿದರು. ನಿರ್ದೇಶಕರಾದ ಶ್ರೀನಾಥ ಅವರು ವರದಿಯನ್ನು ಮೇಲಿನ ಸಮಿತಿಗೆ ಕಳಿಸಿಯೂ ಬಿಟ್ಟರು. ಅದೇ ವರ್ಷ ರಮಾ ಅವರಿಗೆ ಉಪನಿರ್ದೇಶಕರ ಹುದ್ದೆ ಬರುವುದು ಖಚಿತವೆಂದು ಎಲ್ಲರೂ ಹೇಳುತ್ತಿದ್ದರು. ಸೆಪ್ಟೆಂಬರಿನ ಒಂದು ಸೋಮವಾರ ನಾನು ಬೇರೇನೋ ಹುಡುಕುತ್ತ ದುರಸ್ತಿ ವಿಭಾಗದ ಪುಸ್ತಕ ತೆರೆದಾಗ, ತೂಕದ ಕೋಣೆಯ ಯಂತ್ರ ಆಗಸ್ಟಿನಲ್ಲಿ ಐದು ದಿನ ಕೆಟ್ಟಿತ್ತೆಂದು, ಆರನೆಯ ದಿನ ಸರಿಯಾಯಿತೆಂದು ಅಲ್ಲಿ ಬರೆದಿತ್ತು. ಆ ಐದು ದಿನಗಳಲ್ಲೇ ನಾನು ಖಾಲಿ ಕಾಗದಗಳನ್ನು ತೂಗಿದ್ದು. ಮಸಿ ಹಿಡಿದ ಕಾಗದಗಳನ್ನು ತೂಗಿದ್ದು ಯಂತ್ರ ಸರಿಯಾದ ಮೇಲೆ. ಮಳೆಗಾಲದ ತೇವ ಕುಡಿದು ಭಾರವಾಗಿದ್ದ ಕಾಗದ ಆಮೇಲೆ ಒಣಗಿ ಹಗುರವಾಗಿತ್ತು. ಅಷ್ಟರಮಟ್ಟಿಗೆ ಮಸಿ ಕಡಿಮೆಯೆಂದು ತೋರಿತ್ತು. ಪಕ್ಕದ ಕೋಣೆಯಲ್ಲಿ ತಾನಾಗಿ ಬರೆದುಕೊಳ್ಳುವ ಮಾಪಕದ ಹಾಳೆ ತೆಗೆದು ನೋಡಿದೆ. ಆ ದಿನಗಳ ತೇವಾಂಶ ಶೇಕಡಾ ಎಪ್ಪತ್ತೊಂದು ಇತ್ತು. ನನ್ನ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ನಲವತ್ತೈದು, ನಲವತ್ತೈದು, ನಲವತ್ತೈದು.

ನಾಲ್ಕು ದಿನ ನಾನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೇಳು ವರ್ಷದ ದುಡಿಮೆ ಕೈಗೂಡಿದ ಹೊತ್ತಿನಲ್ಲಿ ಈ ಮಾತನ್ನು ಅವರ ಮುಂದೆ ಹೇಗೆ ಆಡಲಿ ಎಂಬ ಸಂಕಟ. ರೊಟ್ಟಿಯ ಡಬ್ಬಿ ತೆರೆದು ಅವರು ಕರೆದಾಗ ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸಿಕೊಂಡೆ. ಶುಕ್ರವಾರ ಮಧ್ಯಾಹ್ನ ತಡೆಯಲಾರದೆ ಅವರ ಕೋಣೆಗೆ ಹೋಗಿ, ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ.

ಅವರು ಬಹಳ ಹೊತ್ತು ಆ ಹಾಳೆಗಳನ್ನೇ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಗೊತ್ತಾಗಿ ಎಷ್ಟು ದಿನ ಆತು?"

"ನಾಕ್ ದಿನ ಆತ್ರಿ."

"ನಾಕ್ ದಿನ ಒಬ್ಬನ ಹೊತ್ಕಂಡು ತಿರುಗೀಯಲ್ಲೋ, ಗುರು," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಅವರು ನೀರಿನ ಲೋಟ ನನ್ನತ್ತ ಸರಿಸಿ, ತಮ್ಮ ಕನ್ನಡಕ ಒರೆಸಿಕೊಂಡು, ಕಾಗದ ತೆಗೆದುಕೊಂಡು ಅಲ್ಲೇ ಪತ್ರ ಬರೆಯತೊಡಗಿದರು. ಸಲ್ಲಿಸಿದ ವರದಿಯ ಅಂಕಿಗಳು ನಂಬಲರ್ಹವಲ್ಲವೆಂದು, ತೂಕದ ಕೋಣೆಯ ದಾಖಲೆಗಳನ್ನು ಪರಿಶೀಲಿಸುವ ಹೊಣೆ ತನ್ನದಾಗಿದ್ದು ಅದನ್ನು ತಾನು ಮಾಡಿಲ್ಲವೆಂದು, ವರದಿಯನ್ನು ಹಿಂದಕ್ಕೆ ಪಡೆಯುತ್ತಿರುವುದಾಗಿ, ಮರುಪರೀಕ್ಷೆಗೆ ಅನುಮತಿ ಬೇಕೆಂದು ಅದರಲ್ಲಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ತಪ್ಪು ನನ್ನದು, ನನ್ನ ಹೆಸರು ಬರೆಯಿರಿ ಎಂದು ಬೇಡಿಕೊಂಡೆ. ಅವರು ಬೇಡವೆಂದು ತಲೆಯಾಡಿಸಿದರು. "ನೀ ಹೊಸಬ. ನಿನ್ನ ಹೆಸರು ಹಾಕಿದ್ರ ನಿನ್ನ ಹಿಡದು ಕಳಿಸಿ ಕೈ ತೊಳಕಂತಾರ. ಒಬ್ಬನ ಬರದು ಒಬ್ಬನ ಸಹಿ ಮಾಡೋ ಪದ್ಧತಿ ಐತಲ್ಲ, ಅದು ಹಂಗ ಉಳೀತೈತಿ. ಅದು ಹೋಗಬೇಕು."

ಮರುಪರೀಕ್ಷೆಯಲ್ಲಿ ಮಸಿ ಮಿತಿಗಿಂತ ಐದರಲ್ಲೊಂದು ಪಾಲು ಹೆಚ್ಚು ಬಂತು. ಶ್ರೀನಾಥ ಅವರು ಕೆಟ್ಟವರಲ್ಲ. ಆದರೆ ಮೇಲಿನವರ ಮುಂದೆ ತಲೆ ತಗ್ಗಿಸಬೇಕಾಗಿ ಬಂದುದಕ್ಕೆ ಬಹಳ ನೊಂದುಕೊಂಡಿದ್ದರು. ಉಪನಿರ್ದೇಶಕರ ಹುದ್ದೆ ಬೇರೊಬ್ಬರಿಗೆ ಹೋಯಿತು. ಯೋಜನೆಯನ್ನು ಬದಿಗಿಟ್ಟು, ನವೆಂಬರಿನಲ್ಲಿ ರಮಾ ಅವರನ್ನು ದಕ್ಷಿಣದ ಒಂದು ಡೀಸೆಲ್ ಶೆಡ್ಡಿಗೆ ವರ್ಗ ಮಾಡಿದರು. ಹೋಗುವ ಮುನ್ನ ಅವರು ತೂಕದ ಕೋಣೆಗೆ ಎರಡು ನಿಯಮ ಮಾಡಿಸಿದರು: ತೇವಾಂಶವನ್ನು ಮಾಪಕವೇ ಬರೆಯಬೇಕು, ಪ್ರತಿ ತೂಕವನ್ನು ಇಬ್ಬರು ಬೇರೆ ಬೇರೆಯಾಗಿ ತೂಗಿ ಇಬ್ಬರೂ ಸಹಿ ಹಾಕಬೇಕು. ಇಂದಿಗೂ ಅಲ್ಲಿ ಅದೇ ನಡೆಯುತ್ತಿದೆ.

ಆ ತಪ್ಪು ನನ್ನದೆಂಬ ಸಂಗತಿ ಈವರೆಗೆ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಇದನ್ನು ಬರೆಯದೆ ಅವರನ್ನು ಅಭಿನಂದಿಸುವುದು ನನ್ನಿಂದಾಗದೆಂದು ಮೊನ್ನೆ ಅವರಿಗೆ ಫೋನು ಮಾಡಿ ಅನುಮತಿ ಕೇಳಿದೆ. ಬೇಡವೆನ್ನುವರೆಂದು ವಾದಕ್ಕೆ ಸಿದ್ಧನಾಗಿದ್ದೆ. ಅವರು, "ಬರಿ. ಹ್ಯುಮಿಡಿಟಿ ಎಪ್ಪತ್ತೊಂದಿತ್ತು, ಅಂಕಿ ಸರಿಯಾಗಿ ಬರಿ" ಎಂದರು.

ಶೆಡ್ಡಿನ ಮೂರು ವರ್ಷ ಅವರಿಗೆ ಶಿಕ್ಷೆಯೆಂದೇ ನಾವೆಲ್ಲ ಭಾವಿಸಿದ್ದೆವು. ಅವರು ಅದನ್ನು ಬೇರೆ ರೀತಿಯಲ್ಲಿ ಕಳೆದರು. ದುರಸ್ತಿಗೆ ಬಂದ ಪ್ರತಿ ಎಂಜಿನ್ನಿನ ಪಿಸ್ಟನ್ನು, ರಿಂಗು, ಸಿಲಿಂಡರುಗಳನ್ನು ಫಿಟ್ಟರುಗಳ ಜೊತೆ ನಿಂತು ನೋಡಿದರು, ಸವೆತ ಅಳೆದರು; ಒಂದೊಂದು ಎಂಜಿನ್ನು ತಿಂಗಳಿಗೆ ಎಷ್ಟು ನಯಗೊಳಿಸುವ ಎಣ್ಣೆ ಕುಡಿಯಿತೆಂದು ಬರೆದಿಟ್ಟರು. ನಾನು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ಮಾತು ತಿರುಗಿಸಿ, ಮದುವೆ ಯಾವಾಗ ಆಗುತ್ತಿ ಎಂದು ಕೇಳುತ್ತಿದ್ದರು. ೨೦೧೯ರ ಫೆಬ್ರವರಿಯ ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. ನಮಸ್ಕಾರಕ್ಕೂ ನಿಲ್ಲದೆ, "ಗುರು, ನಾವು ಡೀಜಲ್ ಅಷ್ಟ ನೋಡಿದ್ವಿ, ಎಣ್ಣಿ ನೋಡಲಿಲ್ಲಪ" ಎಂದರು.

ಹೆಚ್ಚಾಗಿ ಬಂದ ಮಸಿಯಲ್ಲಿ ಬಹುಪಾಲು ಡೀಸೆಲ್ಲಿನದೇ ಅಲ್ಲ, ರಿಂಗುಗಳ ಸಂದಿನಿಂದ ನುಸುಳಿ ಸುಡುವ ನಯಗೊಳಿಸುವ ಎಣ್ಣೆಯದು ಎಂಬುದು ಅವರು ಕಂಡುಕೊಂಡ ಸತ್ಯ. ಡೀಸೆಲ್ ಸಿಂಪಡಣೆಯನ್ನು ಎಷ್ಟು ತಿದ್ದಿದರೂ ಅದು ಹೋಗುವಂತಿರಲಿಲ್ಲ. ರಿಂಗಿನ ಆಕಾರ ಬದಲಿಸಬೇಕಿತ್ತು, ಸಿಲಿಂಡರಿನ ಒಳಗೋಡೆಯನ್ನು ಬೇರೆ ರೀತಿಯಲ್ಲಿ ನುಣುಪು ಮಾಡಬೇಕಿತ್ತು. ಇಂಥ ಸಂಗತಿ ಪರೀಕ್ಷಾ ಕಛೇರಿಯ ಹೊಚ್ಚ ಹೊಸ ಎಂಜಿನ್ನಿನ ಮುಂದೆ ಕುಳಿತವರಿಗೆ ಹೊಳೆಯುವುದು ಕಷ್ಟ. ಲಕ್ಷ ಲಕ್ಷ ಕಿಲೋಮೀಟರು ಓಡಿ ಸವೆದ ಎಂಜಿನ್ನುಗಳ ನಡುವೆ ವರ್ಷಗಟ್ಟಲೆ ಕಳೆದವರಿಗೇ ಹೊಳೆಯಬೇಕು. ಈ ಟಿಪ್ಪಣಿಯನ್ನು ಓದಿದ ಶ್ರೀನಾಥ ಅವರು ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ರಮಾ ಅವರನ್ನು ತಾವೇ ಬರೆದು ಹಿಂದಕ್ಕೆ ಕರೆಸಿಕೊಂಡರು. ಅವರ ಈ ದೊಡ್ಡತನವನ್ನೂ ಇಲ್ಲಿ ದಾಖಲಿಸುತ್ತೇನೆ.

ಎರಡನೆಯ ವಿನ್ಯಾಸ ಪರೀಕ್ಷಾ ಕಟ್ಟೆಯ ಮೇಲೆ ಗೆದ್ದ ಮೇಲೆ, ಅದನ್ನು ನಿಜವಾದ ಹಳಿಯ ಮೇಲೆ, ನಿಜವಾದ ಬಿಸಿಲಿನಲ್ಲಿ ನೋಡದೆ ಒಪ್ಪಬಾರದೆಂದು ಹಟ ಹಿಡಿದವರೂ ಅವರೇ. ಸೆಕೆಯಲ್ಲಿ ಗಾಳಿ ತಂಪಾಗುವುದು ಕಷ್ಟ. ಎಂಜಿನ್ನಿಗೆ ಅದೇ ಕಠಿಣ ಪರೀಕ್ಷೆ. ೨೦೨೨ರ ಮೇ ತಿಂಗಳಲ್ಲಿ ಕೊಟ್ಟೂರು–ಹರಪನಹಳ್ಳಿ ನಡುವೆ ಹನ್ನೊಂದು ದಿನ ಆ ಪ್ರಯೋಗ ನಡೆಯಿತು. ನಲವತ್ತೊಂದು ಡಿಗ್ರಿ ಬಿಸಿಲು. ಎಂಜಿನ್ನಿನ ಹಿಂದೆ ನಮ್ಮ ಉಪಕರಣಗಳ ಬೋಗಿ, ಅದರ ಹಿಂದೆ ಭರ್ತಿ ಗೂಡ್ಸು. ಲೋಕೋ ಪೈಲಟ್ ಕೊಟ್ರಸ್ವಾಮಿಯವರು ಏರಿನಲ್ಲಿ ಪೂರ್ಣ ಬಲ ಕೊಟ್ಟಾಗ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿ, ಎಂಜಿನ್ ಕೆಲಸ ಮಾಡಾಕತ್ತೈತೋ ಇಲ್ಲೋ ಎಂದು ಕೇಳಿದ್ದು ನೆನಪಿದೆ. ಅವರು ಇಪ್ಪತ್ತು ವರ್ಷ ಹೊಗೆ ನೋಡಿಯೇ ಬಲ ಅಳೆದವರು.

ಆ ದಿನಗಳಲ್ಲಿ ನಮ್ಮ ಊಟ ಕನಕಮ್ಮನವರ ಮನೆಯಲ್ಲಿ. ಎಂಬತ್ತೆರಡರ ಆ ಹಿರಿಯ ಜೀವ ಆರು ಜನರಿಗೆ ರೊಟ್ಟಿ ತಟ್ಟುತ್ತಾರೆಂದು ಕೇಳಿದ ನನ್ನ ತಾಯಿ ನೀಲಗಂಗಮ್ಮ ಹರಪನಹಳ್ಳಿಯಿಂದ ಬಸ್ಸು ಹತ್ತಿ ಬಂದುಬಿಟ್ಟರು. ನನ್ನ ಅಜ್ಜಿಯ ಕಾಲದಲ್ಲಿ ನಮ್ಮ ಮನೆಯವರು ಕನಕಮ್ಮನವರ ಓಣಿಯಲ್ಲಿ ನೀರು ಕುಡಿಯುತ್ತಿರಲಿಲ್ಲ; ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವ್ವ ನೇರ ಅಡುಗೆಮನೆಗೆ ಹೋಗಿ ಕನಕಮ್ಮನವರ ಪಕ್ಕ ಕುಳಿತು ಹಿಟ್ಟು ನಾದಲು ಕೈ ಹಾಕಿದರು. "ನನ್ನ ಮಗನ್ನ ನಿಮ್ಮ ಮಗಳು ಸಾಕ್ಯಾಳ್ರಿ" ಎಂದು ಅವರು ಹೇಳಿದ್ದು ಹೊರಗೆ ಕುಳಿತ ನನಗೂ ರಮಕ್ಕನಿಗೂ ಕೇಳಿಸಿತು. ರಮಕ್ಕ ಏನೂ ಕೇಳಿಸಲಿಲ್ಲವೆಂಬಂತೆ ಉಪಕರಣದ ತಂತಿ ಸುತ್ತುತ್ತಿದ್ದರು.

ಮಸಿ ಹಿಡಿದ ಕಾಗದಗಳೊಂದಿಗೆ ಕಛೇರಿಗೆ ಮರಳಿದೆವು. ತೂಕದ ಕೆಲಸ ನನಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಎಂದೆ. ಆರು ವರ್ಷದಿಂದ ನಾನು ಆ ತಕ್ಕಡಿ ಮುಟ್ಟಿರಲಿಲ್ಲ. "ಈ ಸಲಾನೂ ನೀನ ತೂಗು" ಎಂದರು. ನಾನು ಮಾಪಕ ನೋಡಿದೆ, ಮತ್ತೆ ನೋಡಿದೆ. ಇಪ್ಪತ್ತೆರಡು ಕಾಗದಗಳನ್ನು ತೂಗಿ ಸಹಿ ಹಾಕಿದೆ. ಹೊರಗೆ ಬಂದಾಗ ರಮಕ್ಕ ಬಿಳಿ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ನನ್ನ ಅಂಕಿಗಳನ್ನು ನೋಡದೆ ಒಳಗೆ ಹೋಗಿ ಇಪ್ಪತ್ತೆರಡನ್ನೂ ಮತ್ತೆ ತಾವೇ ತೂಗಿದರು. ನನಗೆ ಒಳಗೊಳಗೇ ಚುಚ್ಚಿತೆಂಬುದು ಅವರಿಗೆ ತಿಳಿಯಿತೇನೋ, ಸಹಿ ಹಾಕುತ್ತ ಹೇಳಿದರು: "ನಂಬಿಕಿ ಇದ್ದದ್ದಕ್ಕ ನಿನಗ ಕೊಟ್ಟೆ. ಇಬ್ಬರು ತೂಗಬೇಕು ಅಂತ ಬರದೈತಿ, ಅದಕ್ಕ ನಾನೂ ತೂಗಿದೆ." ಆಮೇಲೆ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟೆವು. ಮಸಿ ಮಿತಿಗಿಂತ ಕಾಲುಭಾಗ ಕಡಿಮೆ ಇತ್ತು. ನೈಟ್ರೋಜನ್ ಆಕ್ಸೈಡುಗಳ ಅಂಕಿ ಆಗಲೇ ಮಿತಿಯೊಳಗೆ ಬಂದಿತ್ತು. ಅವರು ಕುರ್ಚಿಯಲ್ಲಿ ಕುಳಿತು, ಸ್ವಲ್ಪ ಹೊತ್ತು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ.

ಆ ವರ್ಷದ ಕೊನೆಗೆ ವಿನ್ಯಾಸಕ್ಕೆ ಮಂಜೂರಾತಿ ಸಿಕ್ಕಿತು. ಆದರೆ ಅಷ್ಟರಲ್ಲಿ ದೇಶದ ಹಳಿಗಳ ಮೇಲೆಲ್ಲ ವಿದ್ಯುತ್ ತಂತಿ ಹರಡುತ್ತಿತ್ತು. ನಮ್ಮ ಕಡೆಗೂ ಕಂಬಗಳು ಬಂದವು. ನೂರಾರು ಎಂಜಿನ್ನುಗಳಿಗೆಂದು ಮಾಡಿದ ವಿನ್ಯಾಸವನ್ನು ಕೂರಿಸಿದ್ದು ಮೂವತ್ತೇಳಕ್ಕೆ. ಅವು ಈಗ ಯಾರ್ಡುಗಳಲ್ಲಿ ಬೋಗಿ ಜೋಡಿಸುತ್ತ, ತಂತಿಯಿಲ್ಲದ ಗಣಿ ಹಳಿಗಳಲ್ಲಿ ದುಡಿಯುತ್ತ ಇವೆ. ನನಗೆ ಇದನ್ನು ಸಹಿಸುವುದು ಕಷ್ಟವಾಯಿತು. ಜೀವಮಾನದ ಕೆಲಸ ಮುಗಿದ ದಿನವೇ ಅದರ ಕಾಲ ಮುಗಿಯಿತಲ್ಲ ಎಂದು ಅವರ ಮುಂದೆಯೇ ಕಹಿಯಾಗಿ ಮಾತಾಡಿದೆ. ಆಗ ನಾವು ಕೊಟ್ಟೂರು ನಿಲ್ದಾಣದಲ್ಲಿದ್ದೆವು. ಅವರು ಮೇಲಿನ ತಂತಿಯನ್ನು ನೋಡಿ ಹೇಳಿದರು: "ಒಳ್ಳೇದ ಆತಲ್ಲೋ. ನಾವು ಹೊಗಿ ಕಡಿಮಿ ಮಾಡಾಕ ಹೊಂಟಿದ್ವಿ, ಡೀಜಲ್ ಎಂಜಿನ್ ಉಳಸಾಕಲ್ಲ." ಅದರಲ್ಲಿ ಸಮಾಧಾನ ಹೇಳುವ ದನಿ ಇರಲಿಲ್ಲ. ಅವರು ನಿಜವಾಗಿಯೂ ಸಂತೋಷದಲ್ಲಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ನಿವೃತ್ತಿಯ ಬಳಿಕ ಅವರು ಕೊಟ್ಟೂರಿನಲ್ಲಿ ತಾಯಿಯೊಂದಿಗೆ ನೆಲೆಸಿದ್ದಾರೆ. ವಿಶ್ರಾಂತಿ ಎಂಬ ಪದ ಅವರಿಗೆ ಒಗ್ಗಲಿಲ್ಲ. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಊರೂರುಗಳಲ್ಲಿ ಸುಗ್ಗಿಗೆ ಮೆಕ್ಕೆಜೋಳ ಬಿಡಿಸುವ ಯಂತ್ರಗಳು ಓಡುವುದನ್ನು ಎಲ್ಲರೂ ಬಲ್ಲೆವು. ತೆನೆ ಹಾಕುವ ಹೆಣ್ಣುಮಕ್ಕಳು ಹೊಗೆ ಕೊಳವೆಯ ಬಾಯಿಗೇ ಮುಖ ಕೊಟ್ಟು ದಿನವಿಡೀ ನಿಲ್ಲುವುದನ್ನೂ ನೋಡಿದ್ದೇವೆ, ನೋಡಿ ಮುಂದೆ ಹೋಗಿದ್ದೇವೆ. ರಮಾ ಅವರು ಮುಂದೆ ಹೋಗಲಿಲ್ಲ. ಡಿಪ್ಲೊಮಾ ಓದುವ ಅಮೃತಾ ಎಂಬ ಹುಡುಗಿಯನ್ನು ಜೊತೆಗಿಟ್ಟುಕೊಂಡು ಯಂತ್ರದಿಂದ ಯಂತ್ರಕ್ಕೆ ಹೋಗುತ್ತಾರೆ. ಕೊಳವೆಯನ್ನು ಎತ್ತರಿಸಿ ತಿರುಗಿಸುತ್ತಾರೆ, ಇಂಜೆಕ್ಟರು ಬಿಚ್ಚಿ ತೊಳೆಸಿ ಸರಿಮಾಡಿಸುತ್ತಾರೆ, ಮೊದಲಿನ ಹೊಗೆ ಮತ್ತು ಆಮೇಲಿನ ಹೊಗೆಯನ್ನು ಅಳೆದು ಬರೆದುಕೊಳ್ಳುತ್ತಾರೆ. ಹಲವಾಗಲಿನ ಯಂತ್ರದ ಮಾಲೀಕ ಉಚ್ಚಂಗೆಪ್ಪನವರು ಮೊದಲು ಇವರನ್ನು ಅಂಗಳಕ್ಕೇ ಬಿಟ್ಟುಕೊಂಡಿರಲಿಲ್ಲವಂತೆ. ಈಗ ಅವರೇ ನೆರೆಯ ಊರಿನವರಿಗೆ ಹೇಳಿ ಕಳಿಸುತ್ತಿದ್ದಾರೆ. ಹದಿನಾಲ್ಕು ಯಂತ್ರಗಳು ಆಗಿವೆ.

ಈ ಗ್ರಂಥದ ಬಿಡುಗಡೆಯನ್ನು ಸಮಿತಿಯವರು ಮೊದಲು ನವೆಂಬರಿನ ಎರಡನೆಯ ಭಾನುವಾರಕ್ಕೆ ಗೊತ್ತು ಮಾಡಿದ್ದರು. ಸಭಾಭವನ ಸಿಕ್ಕಿತ್ತು, ಅತಿಥಿಗಳು ಒಪ್ಪಿದ್ದರು, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದಿತ್ತು. ಆಗ ರಮಾ ಅವರು ಸಮಿತಿಗೆ ಫೋನು ಮಾಡಿ, ಅಂದು ನೀಲಗುಂದದಲ್ಲಿ ಯಂತ್ರ ಓಡುತ್ತದೆ, ಅದು ಓಡುವಾಗಲೇ ಅಳೆಯಬೇಕು, ಸನ್ಮಾನ ಯಾವಾಗಲಾದರೂ ಆದೀತು ಎಂದು ಬಿನ್ನವಿಸಿಕೊಂಡರು. ಹೀಗಾಗಿ ಸಮಾರಂಭ ಒಂದು ವಾರ ಮುಂದಕ್ಕೆ ಹೋಗಿದೆ, ಓದುಗರ ಕೈಗೆ ಈ ಪುಸ್ತಕ ಒಂದು ವಾರ ತಡವಾಗಿ ಸೇರುತ್ತಿದೆ. ಸಮಿತಿಯ ಪರವಾಗಿ ಕ್ಷಮೆ ಕೋರುತ್ತ, ನಮ್ಮ ರಮಕ್ಕನಿಗೆ ಇನ್ನೂ ಎಷ್ಟೋ ಸನ್ಮಾನಗಳನ್ನು ಹೀಗೆಯೇ ಮುಂದಕ್ಕೆ ಹಾಕಿಸುವಷ್ಟು ಆಯುಷ್ಯವೂ ಆರೋಗ್ಯವೂ ಕೈತುಂಬ ಕೆಲಸವೂ ಇರಲೆಂದು ಹಾರೈಸುತ್ತೇನೆ. ಆ ಭಾನುವಾರ ನೀಲಗುಂದದಲ್ಲಿ ಮಾಪಕ ಹಿಡಿದು ನಿಲ್ಲಲು ನನಗೆ ಕರೆ ಬಂದಿದೆ. ಅಂಕಿಗಳನ್ನು ನೋಡಿಯೇ ಬರೆಯುತ್ತೇನೆ.

— ಗುರುಬಸವರಾಜ, ಹರಪನಹಳ್ಳಿ